ಹದಿಮೂರು ಸೆಕೆಂಡಿನ ಓಟ, ಒಂದೇ ಸೆಕೆಂಡಿಗೆ ತುಂಬುವ ಬಫರ್

ಪ್ರಶ್ನೆ: ನಾನು ದಕ್ಷಿಣ ಕನ್ನಡದವನು, ಕಂಬಳದ ಫೋಟೊ ತೆಗೆಯುವ ಆಸೆಯಿಂದ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7100 ಕೊಂಡಿದ್ದೇನೆ. ಸೆಕೆಂಡಿಗೆ 6 ಚಿತ್ರ ತೆಗೆಯುತ್ತದೆ ಎಂದು ಓದಿದ್ದೆ. ಆದರೆ ಕೋಣಗಳು ಓಡುವಾಗ ಬಟನ್ ಒತ್ತಿ ಹಿಡಿದರೆ ಒಂದು ಸೆಕೆಂಡು ಸರಸರ ಹೊಡೆಯುತ್ತದೆ, ಆಮೇಲೆ ತಡವರಿಸುತ್ತದೆ. ಒಳ್ಳೆಯ ಕ್ಷಣ ಬರುವ ಹೊತ್ತಿಗೆ ಕ್ಯಾಮೆರಾ ಕೈಕೊಡುತ್ತದೆ. ನಾನು 14 ಬಿಟ್ ರಾದಲ್ಲಿ (ಸೆನ್ಸರ್ ಓದಿದ್ದನ್ನು ಹಾಗೇ ಇಡುವ ಫೈಲ್) ತೆಗೆಯುತ್ತೇನೆ. ಕಾರ್ಡಿನ ಮೇಲೆ 170 ಎಂಬಿ ಎಂದಿದೆ. ಅಂಗಡಿಯವರು 300 ಎಂಬಿಯ ಕಾರ್ಡ್ ಹಾಕಿ ಎನ್ನುತ್ತಾರೆ, ಗೆಳೆಯರು ಜೆಪೆಗ್‌ನಲ್ಲಿ ತೆಗಿ ಎನ್ನುತ್ತಾರೆ, ಇನ್ನೊಬ್ಬರು ಕ್ಯಾಮೆರಾವನ್ನೇ ಬದಲಿಸು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ಡಿ7100 ಇರುವುದೇ ಹೀಗೆ. 2013ರಲ್ಲಿ ಬಂದ ಈ ಮಾಡೆಲ್‌ನಲ್ಲಿ 24 ಮೆಗಾಪಿಕ್ಸೆಲ್ ಸೆನ್ಸರ್, 51 ಪಾಯಿಂಟಿನ ಫೋಕಸ್ ಎರಡೂ ಆ ಬೆಲೆಗೆ ಬಹಳ ಒಳ್ಳೆಯವು. ಬಫರ್, ಅಂದರೆ ಚಿತ್ರಗಳು ಕಾರ್ಡಿಗೆ ಹೋಗುವ ಮುನ್ನ ತಂಗುವ ಮೆಮೊರಿ, ಮಾತ್ರ ತೀರಾ ಚಿಕ್ಕದು. 300 ಎಂಬಿಯ ಕಾರ್ಡಿಗೆ ದುಡ್ಡು ಹಾಕಬೇಡಿ, ಅದರಿಂದ ನಿಮಗೆ ಏನೂ ಆಗುವುದಿಲ್ಲ. ಹೊಸ ಕ್ಯಾಮೆರಾ ಕೂಡ ಈ ಸೀಸನ್‌ಗೆ ಬೇಡ. ಮೆನುವಿನಲ್ಲಿ ಮೂರು ಕಡೆ ಬದಲಾಯಿಸಿದರೆ ಇದೇ ಕ್ಯಾಮೆರಾ ಓಟ ಶುರುವಾಗುವ ಗಂತಿನಿಂದ ಓಟ ಮುಗಿಯುವ ಮಂಜೊಟ್ಟಿಯವರೆಗೆ ಹೆಚ್ಚುಕಮ್ಮಿ ನಿಲ್ಲದೆ ಹೊಡೆಯುತ್ತದೆ. ಯಾಕೆ ಎನ್ನುವುದು ತಿಳಿದರೆ ಬೇರೆ ಯಾವ ಕ್ಯಾಮೆರಾ ಕೈಗೆ ಬಂದರೂ ನೀವೇ ಲೆಕ್ಕ ಹಾಕಿಕೊಳ್ಳಬಹುದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನೀವು ಬಟನ್ ಒತ್ತಿದಾಗ ಚಿತ್ರ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಸೆನ್ಸರ್‌ನಿಂದ ಓದಿದ ಮಾಹಿತಿ ಮೊದಲು ಕ್ಯಾಮೆರಾದೊಳಗಿನ ವೇಗದ ಮೆಮೊರಿಯಲ್ಲಿ ಕೂರುತ್ತದೆ. ಪ್ರೊಸೆಸರ್ ಅದನ್ನು ಕುಗ್ಗಿಸಿ, ಫೈಲ್ ಮಾಡಿ, ಸರದಿಯ ಪ್ರಕಾರ ಕಾರ್ಡಿಗೆ ಬರೆಯುತ್ತದೆ. ಆ ಮೆಮೊರಿಗೇ ಬಫರ್ ಎನ್ನುವುದು. ಅದು ಮದರ್‌ಬೋರ್ಡಿನ ಮೇಲೆ ಬೆಸುಗೆ ಹಾಕಿದ ಚಿಪ್, ಕಂಪ್ಯೂಟರಿನ ರ‍್ಯಾಮ್‌ನಂತೆ ಬಿಚ್ಚಿ ದೊಡ್ಡದು ಹಾಕಲು ಬರುವುದಿಲ್ಲ.

ಈಗ ನಿಮ್ಮ ಕ್ಯಾಮೆರಾದ ಲೆಕ್ಕ. 2 ಕೋಟಿ 40 ಲಕ್ಷ ಪಿಕ್ಸೆಲ್, ಒಂದೊಂದಕ್ಕೂ 14 ಬಿಟ್ ಎಂದರೆ ಒಂದು ಚಿತ್ರಕ್ಕೆ 42 ಎಂಬಿ. ಲಾಸ್‌ಲೆಸ್ ಕಂಪ್ರೆಷನ್ (ಮಾಹಿತಿ ನಷ್ಟವಾಗದಂತೆ ಕುಗ್ಗಿಸುವುದು) ಅದನ್ನು ಸುಮಾರು 28 ಎಂಬಿಗೆ ಇಳಿಸುತ್ತದೆ. ಸೆಕೆಂಡಿಗೆ 6 ಚಿತ್ರ ಎಂದರೆ 168 ಎಂಬಿ ಒಳಗೆ ಬರುತ್ತಿದೆ. ಡಿ7100ರ ಸ್ಲಾಟ್ ಯುಎಚ್‌ಎಸ್-1 ಜಾತಿಯದು. ಆ ದಾರಿಯ ಗರಿಷ್ಠ ವೇಗವೇ ಸೆಕೆಂಡಿಗೆ 104 ಎಂಬಿ, ಅದೂ ಕಾಗದದ ಮೇಲೆ. ಕ್ಯಾಮೆರಾ ನಿಜವಾಗಿ ಬರೆಯುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಒಳ್ಳೆಯ ಕಾರ್ಡ್ ಹಾಕಿ 60 ಎಂಬಿ ಎಂದು ಇಟ್ಟುಕೊಳ್ಳೋಣ. ಒಳಬರುವುದು 168, ಹೊರಹೋಗುವುದು 60. ಸೆಕೆಂಡಿಗೆ ನೂರಕ್ಕೂ ಹೆಚ್ಚು ಎಂಬಿ ಒಳಗೇ ಉಳಿಯುತ್ತದೆ. 14 ಬಿಟ್ ಲಾಸ್‌ಲೆಸ್‌ನಲ್ಲಿ ಈ ಬಫರ್‌ನಲ್ಲಿ 6 ಚಿತ್ರ ಹಿಡಿಯುತ್ತದೆ ಎಂದು ನಿಕಾನ್‌ನ ಕೈಪಿಡಿಯೇ ಹೇಳುತ್ತದೆ. ಅಂದರೆ ಒಂದು ಸೆಕೆಂಡು. ತುಂಬಿದ ಮೇಲೆ ಒಂದು ಚಿತ್ರ ಕಾರ್ಡಿಗೆ ಹೋಗಿ ಜಾಗವಾದಾಗ ಮಾತ್ರ ಇನ್ನೊಂದು ಚಿತ್ರ: 60ನ್ನು 28ರಿಂದ ಭಾಗಿಸಿದರೆ ಸೆಕೆಂಡಿಗೆ ಎರಡು. ನೀವು ಹೇಳುವ ತಡವರಿಕೆ ಇದೇ.

ಕಂಬಳದ ಕರೆ (ಕೋಣಗಳು ಓಡುವ ಕೆಸರಿನ ಹಾದಿ) ಎಲ್ಲ ಕಡೆ ಒಂದೇ ಉದ್ದವಿರುವುದಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರ ಓಟ ಸುದ್ದಿಯಾಯಿತಲ್ಲ, ಅದು 142.5 ಮೀಟರ್, 13.62 ಸೆಕೆಂಡು. ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. ಕೋಣಗಳು ಸೆಕೆಂಡಿಗೆ ಹತ್ತು ಮೀಟರ್ ದಾಟುತ್ತವೆ. ಗಂತಿನಲ್ಲಿ ಬಿಟ್ಟ ಕೂಡಲೇ ನೀವು ಬಟನ್ ಒತ್ತಿದರೆ ಮೊದಲ ಹತ್ತು ಮೀಟರಿಗೆ ಬಫರ್ ಮುಗಿಯಿತು. ಆಗ ಕೋಣಗಳು ಇನ್ನೂ ಚಿಕ್ಕದಾಗಿ, ದೂರದಲ್ಲಿ ಇರುತ್ತವೆ. ಅವು ಫ್ರೇಮ್ ತುಂಬುವಷ್ಟು ಹತ್ತಿರ ಬಂದಾಗ ನಿಮ್ಮ ಕ್ಯಾಮೆರಾ ಐದು ಮೀಟರಿಗೊಂದು ಚಿತ್ರ ತೆಗೆಯುತ್ತಿರುತ್ತದೆ. ಕ್ಯಾಮೆರಾ ಕೈಕೊಡುವುದು ಸರಿಯಾಗಿ ಒಳ್ಳೆಯ ಕ್ಷಣದಲ್ಲೇ ಎಂದು ನಿಮಗನಿಸಲು ಕಾರಣ ಇದು.

ಇದನ್ನು ಕಣ್ಣಾರೆ ನೋಡಬಹುದು. ವ್ಯೂಫೈಂಡರ್‌ಗೆ ಕಣ್ಣಿಟ್ಟು ಬಟನ್ ಅರ್ಧ ಒತ್ತಿ. ಕೆಳಗೆ ಬಲತುದಿಯಲ್ಲಿ ಕಾರ್ಡಿನಲ್ಲಿ ಉಳಿದ ಚಿತ್ರಗಳ ಸಂಖ್ಯೆ ಇರುವ ಜಾಗದಲ್ಲಿ ಇಂಗ್ಲಿಷಿನ ಆರ್ ಅಕ್ಷರ, ಅದರ ಪಕ್ಕ ಒಂದು ಅಂಕಿ ಬರುತ್ತದೆ. 06 ಎಂದಿದ್ದರೆ ಇನ್ನು ಆರು ಚಿತ್ರಕ್ಕೆ ಜಾಗವಿದೆ ಎಂದರ್ಥ. ಹೊಡೆಯುತ್ತಾ ಹೋದಂತೆ ಅದು ಇಳಿಯುತ್ತದೆ, ಸೊನ್ನೆಗೆ ಬಂದರೆ ಬಫರ್ ತುಂಬಿದೆ. ಬೆರಳನ್ನು ಅರ್ಧಕ್ಕೆ ತಂದು ಹಿಡಿದರೆ ಅಂಕಿ ಮತ್ತೆ ಮೇಲೇರುವುದು ಕಾಣುತ್ತದೆ. ಬಹಳ ಮಂದಿ ವರ್ಷಗಟ್ಟಲೆ ಈ ಕ್ಯಾಮೆರಾ ಬಳಸಿಯೂ ಆ ಮೂಲೆಯತ್ತ ನೋಡಿರುವುದಿಲ್ಲ. ಕ್ರಿಯೆಯ ಫೋಟೊ ತೆಗೆಯುವವರಿಗೆ ಶಟರ್ ಸ್ಪೀಡಿನಷ್ಟೇ ಮುಖ್ಯವಾದ ಅಂಕಿ ಅದು.

ಈಗ ಮೆನುವಿಗೆ ಬರೋಣ. ಮೊದಲು ರಾ ಫೈಲಿನ ಬಗೆ ಬದಲಿಸಿ: 14 ಬಿಟ್ ಬದಲು 12 ಬಿಟ್, ಲಾಸ್‌ಲೆಸ್ ಬದಲು ಇನ್ನಷ್ಟು ಕುಗ್ಗಿಸುವ ಕಂಪ್ರೆಸ್ಡ್. ಫೈಲ್ 28ರಿಂದ 20 ಎಂಬಿಯ ಹತ್ತಿರಕ್ಕೆ ಇಳಿಯುತ್ತದೆ, ಬಫರ್‌ನಲ್ಲಿ 6ರ ಬದಲು 9 ಚಿತ್ರ ಹಿಡಿಯುತ್ತದೆ. ರಾ ಎಂದರೆ 14 ಬಿಟ್ಟೇ ಆಗಬೇಕು ಎಂದು ನಂಬಿದವರಿಗೆ ಇದು ಅಪಚಾರ ಎನಿಸಬಹುದು. ಆ ಎರಡು ಬಿಟ್‌ಗಳ ಲಾಭ ಕಾಣುವುದು ಐಎಸ್‌ಒ 100, 200ರಲ್ಲಿ, ಅದೂ ಕತ್ತಲೆಯ ಭಾಗವನ್ನು ಆಮೇಲೆ ವಿಪರೀತ ಎತ್ತಿದಾಗ. ಕಂಬಳಕ್ಕೆ ನೀವು ಶಟರ್ 1/1600 ಇಡುತ್ತೀರಿ, ಐಎಸ್‌ಒ 800, 1600ಕ್ಕೆ ಹೋಗಿರುತ್ತದೆ. ಅಲ್ಲಿ ಸೆನ್ಸರ್‌ನ ನಾಯ್ಸೇ (ಚಿತ್ರದಲ್ಲಿ ಕಾಣುವ ಕಾಳುಕಾಳು) ಆ ಸೂಕ್ಷ್ಮ ವ್ಯತ್ಯಾಸವನ್ನು ನುಂಗಿರುತ್ತದೆ. ಮದುವೆ ಮನೆಯ ಪೋರ್ಟ್ರೇಟಿಗೆ, ಸೂರ್ಯಾಸ್ತಕ್ಕೆ 14 ಬಿಟ್ ಇಟ್ಟುಕೊಳ್ಳಿ. ಓಟಕ್ಕೆ ಬೇಡ.

ಒಂದು ಎಚ್ಚರಿಕೆ ಮಾತ್ರ ಇದೆ. ಎಣ್ಣೆ ಹಚ್ಚಿದ ಕರಿಕೋಣದ ಮೈ ನೋಡಿ ಮೀಟರ್ ಚಿತ್ರವನ್ನು ಬೆಳಗಿಸಲು ಹೋಗುತ್ತದೆ, ಹಾರಿದ ನೀರು ಸುಟ್ಟು ಬಿಳಿಯಾಗುತ್ತದೆ. ಅದಕ್ಕೆ ಹೆದರಿ ತೀರಾ ಕತ್ತಲೆ ಮಾಡಿ ತೆಗೆದರೂ ತೊಂದರೆಯೇ. ಡಿ7100ರಲ್ಲಿ ಕಡುಗತ್ತಲೆಯ ಭಾಗ ಎತ್ತಿದರೆ ಗೆರೆಗೆರೆಯಾಗಿ ಕಾಣುವ ದೋಷವಿದೆ, ಕೋಣದ ಹೊಟ್ಟೆಯ ಅಡಿಯಲ್ಲೇ ಅದು ಎದ್ದು ಬರುತ್ತದೆ. ಎಕ್ಸ್‌ಪೋಶರನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ ಕಡಿಮೆ ಇಟ್ಟರೆ ಸಾಕು.

ಎರಡನೆಯ ಬದಲಾವಣೆಗೆ ಮನಸ್ಸು ಒಪ್ಪುವುದು ಕಷ್ಟ, ಆದರೆ ಫಲ ಅದರದ್ದೇ ಹೆಚ್ಚು: ವೇಗ ಇಳಿಸಿ. ಮೋಡ್ ಡಯಲ್‌ನ ಅಡಿಯಲ್ಲಿರುವ ಡಯಲನ್ನು ಸಿಎಚ್‌ನಿಂದ (ಪೂರ್ಣ ವೇಗದಲ್ಲಿ ಸತತ ಚಿತ್ರ) ಸಿಎಲ್‌ಗೆ (ಕಡಿಮೆ ವೇಗದಲ್ಲಿ ಸತತ ಚಿತ್ರ) ತಿರುಗಿಸಿ, ಕಸ್ಟಮ್ ಸೆಟ್ಟಿಂಗ್‌ನಲ್ಲಿ ಸಿಎಲ್ ವೇಗವನ್ನು 3ಕ್ಕೆ ಇಡಿ. 20 ಎಂಬಿಯ ಫೈಲ್, ಸೆಕೆಂಡಿಗೆ 3 ಎಂದರೆ ಒಳಬರುವುದು 60 ಎಂಬಿ. ಹೊರಹೋಗುವುದೂ ಅಷ್ಟೇ. ಬಂದದ್ದು ಬಂದಂತೆ ಕಾರ್ಡಿಗೆ ಹೋಗುತ್ತಿದ್ದರೆ ಬಫರ್ ತುಂಬುವ ಪ್ರಶ್ನೆಯೇ ಬರುವುದಿಲ್ಲ. ಇಡೀ ಓಟಕ್ಕೆ ಮೂವತ್ತೈದು ನಲವತ್ತು ಚಿತ್ರ, ಎಲ್ಲೂ ತಡವರಿಕೆಯಿಲ್ಲ. ಸಿಎಚ್‌ನಲ್ಲಿ ಹೊಡೆದಾಗಲೂ ಮೊದಲ ಸೆಕೆಂಡಿನ ನಂತರ ನಿಮಗೆ ಸಿಗುತ್ತಿದ್ದುದು ಸೆಕೆಂಡಿಗೆ ಎರಡೇ ಎನ್ನುವುದನ್ನು ಮರೆಯಬೇಡಿ. ಅದಕ್ಕಿಂತ ಇದು ಹೆಚ್ಚು, ಜೊತೆಗೆ ಒಂದೇ ಲಯದಲ್ಲಿ ಬರುತ್ತದೆ.

ಮೂರು ಸಾಲದು ಎನಿಸಿದರೆ ಮೂರನೆಯ ಬದಲಾವಣೆ ಮಾಡಿ. ಈ ಕ್ಯಾಮೆರಾದಲ್ಲಿ 1.3 ಪಟ್ಟು ಕ್ರಾಪ್ ಎಂಬ ಆಯ್ಕೆಯಿದೆ. ಸೆನ್ಸರ್‌ನ ನಡುವಿನ 15.4 ಮೆಗಾಪಿಕ್ಸೆಲ್ ಭಾಗವನ್ನಷ್ಟೇ ಬಳಸುತ್ತದೆ. ಫೈಲ್ 13 ಎಂಬಿ ಆಸುಪಾಸಿಗೆ ಬರುತ್ತದೆ. ಸಿಎಲ್ ವೇಗ 5 ಇಟ್ಟರೆ 65 ಎಂಬಿ, ಹೆಚ್ಚುಕಮ್ಮಿ ಸಮತೂಕ. ಕರೆಯ ಬದಿಯಲ್ಲಿ 70-300 ಲೆನ್ಸ್ ಹಿಡಿದು ನಿಂತವರು ಮನೆಗೆ ಹೋಗಿ ಹೇಗೂ ಇಷ್ಟು ಕ್ರಾಪ್ ಮಾಡುತ್ತಾರೆ. ಕ್ಯಾಮೆರಾದಲ್ಲೇ ಮಾಡಿದರೆ ಇನ್ನೂ ಎರಡು ಅನುಕೂಲ: ಫೋಕಸ್ ಪಾಯಿಂಟ್‌ಗಳು ಚೌಕಟ್ಟಿನ ಅಗಲವನ್ನು ಬಹುತೇಕ ತುಂಬುತ್ತವೆ, ಚೌಕಟ್ಟಿನ ಹೊರಗೆ ಬರುತ್ತಿರುವ ಪಕ್ಕದ ಕರೆಯ ಜೋಡಿಯೂ ವ್ಯೂಫೈಂಡರ್‌ನಲ್ಲಿ ಮೊದಲೇ ಕಾಣುತ್ತದೆ. ಎರಡು ಕರೆ ಪಕ್ಕಪಕ್ಕ ಇರುವ ಜೋಡುಕರೆಯ ಕಂಬಳದಲ್ಲಿ ಇದು ತುಂಬಾ ಕೆಲಸಕ್ಕೆ ಬರುತ್ತದೆ.

ಇಲ್ಲಿ ಹೇಳಿದ 60 ಎಂಬಿ ನನ್ನ ಲೆಕ್ಕದ ಅನುಕೂಲಕ್ಕೆ. ನಿಮ್ಮ ಕಾರ್ಡಿನದು ಎಷ್ಟು ಎನ್ನುವುದನ್ನು ಮನೆಯಲ್ಲೇ ಅಳೆಯಿರಿ. ಮ್ಯಾನುವಲ್ ಫೋಕಸ್, ಶಟರ್ 1/500, ಕಂಬಳದಲ್ಲಿ ಬಳಸುವ ಐಎಸ್‌ಒ. ಎಲೆ ದಟ್ಟವಾದ ಮರದತ್ತ ತಿರುಗಿಸಿ, ಬಫರ್ ತುಂಬಿಸಿ, ಆಮೇಲೆ ಹತ್ತು ಸೆಕೆಂಡಿನಲ್ಲಿ ಎಷ್ಟು ಚಿತ್ರ ಬೀಳುತ್ತದೆ ಎಣಿಸಿ. ಅದನ್ನು ಫೈಲಿನ ಗಾತ್ರದಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ನಿಜವಾದ ವೇಗ ಸಿಕ್ಕಿತು. ಲೆನ್ಸ್ ಮುಚ್ಚಳ ಹಾಕಿಕೊಂಡೋ ಬಿಳಿಗೋಡೆಗೆ ತಿರುಗಿಸಿಯೋ ಈ ಪರೀಕ್ಷೆ ಮಾಡುವವರಿದ್ದಾರೆ. ವಿವರವಿಲ್ಲದ ಚಿತ್ರ ಬಹಳ ಚಿಕ್ಕ ಫೈಲಾಗಿ ಕುಗ್ಗುತ್ತದೆ, ಬಫರ್ ಇದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ಕೆಸರು ಚಿಮ್ಮುವ, ಹಿಂದೆ ಸಾವಿರ ಜನ ನಿಂತಿರುವ ಚಿತ್ರ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ.

ಕಾರ್ಡಿನ ವಿಷಯ. ಲೇಬಲ್ ಮೇಲೆ ದೊಡ್ಡದಾಗಿ ಬರೆದ 170 ಓದುವ ವೇಗ, ಬರೆಯುವ ವೇಗವಲ್ಲ. ಅದರಲ್ಲೂ ಯುಎಚ್‌ಎಸ್-1 ಕಾರ್ಡ್ 104 ಎಂಬಿಯನ್ನು ಮೀರುವುದು ಕಂಪನಿಯ ಸ್ವಂತ ತಂತ್ರದಿಂದ, ಅದಕ್ಕೆ ಹೊಂದುವ ರೀಡರ್‌ನಲ್ಲಿ ಮಾತ್ರ. ಕ್ಯಾಮೆರಾದೊಳಗೆ ಆ ವೇಗಕ್ಕೆ ಅರ್ಥವಿಲ್ಲ. ನೀವು ನೋಡಬೇಕಾದದ್ದು ವಿ30, ವಿ60, ವಿ90 ಎಂಬ ಗುರುತು. ಎಡೆಬಿಡದೆ ಬರೆಯುವಾಗ ಕಡೇಪಕ್ಷ ಅಷ್ಟು ಎಂಬಿಗೆ ಇಳಿಯದು ಎಂಬ ಭರವಸೆ ಅದು. ಅಂಗಡಿಯವರು ಹೇಳಿದ 300 ಎಂಬಿಯದು ಯುಎಚ್‌ಎಸ್-2 ಕಾರ್ಡ್, ತಿರುಗಿಸಿ ನೋಡಿದರೆ ಹಿಂದೆ ಎರಡು ಸಾಲು ಪಿನ್ ಇರುತ್ತವೆ. ನಿಮ್ಮ ಸ್ಲಾಟ್‌ನಲ್ಲಿ ಎರಡನೆಯ ಸಾಲಿಗೆ ಸಂಪರ್ಕವೇ ಇಲ್ಲ. ಕಾರ್ಡ್ ಕೆಲಸ ಮಾಡುತ್ತದೆ, ಹಳೆಯ ವೇಗದಲ್ಲೇ. ಒಳ್ಳೆಯ ಕಂಪನಿಯ ವಿ30 ಯುಎಚ್‌ಎಸ್-1 ಕಾರ್ಡ್ ಸಾಕು. ಅದು ಅಸಲಿಯಾಗಿರಲಿ, ನಕಲಿ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಮೇಲಿನ ಪರೀಕ್ಷೆಯಲ್ಲಿ ಸೆಕೆಂಡಿಗೆ ಇಪ್ಪತ್ತು ಎಂಬಿಗಿಂತ ಕಡಿಮೆ ಬಂದರೆ ಆ ಕಾರ್ಡನ್ನು ಮದುವೆ ಆಲ್ಬಮ್ ಸಾಗಿಸಲು ಇಟ್ಟುಕೊಳ್ಳಿ, ಕಂಬಳಕ್ಕೆ ತರಬೇಡಿ.

ಬಫರನ್ನು ಗೊತ್ತಾಗದಂತೆ ತಿನ್ನುವ ಸೆಟ್ಟಿಂಗ್‌ಗಳೂ ಇವೆ. ರಾ ಜೊತೆಗೆ ಜೆಪೆಗ್ ಆಯ್ಕೆಯಾಗಿದ್ದರೆ ಪ್ರತಿ ಚಿತ್ರಕ್ಕೂ ಎರಡು ಕೆಲಸ. ಎರಡನೆಯ ಸ್ಲಾಟ್ ಬ್ಯಾಕಪ್‌ಗೆ ಇಟ್ಟಿದ್ದರೆ ಪ್ರತಿ ಫೈಲ್ ಎರಡು ಸಲ ಬರೆಯಬೇಕು, ನಿಧಾನದ ಕಾರ್ಡ್ ಹೇಳಿದಂತೆ ಎಲ್ಲವೂ ನಡೆಯುತ್ತದೆ. ಅದನ್ನು ಓವರ್‌ಫ್ಲೋಗೆ (ಮೊದಲ ಕಾರ್ಡ್ ತುಂಬಿದ ಮೇಲೆ ಮಾತ್ರ ಬಳಸುವುದು) ಹಾಕಿ. ಲೆನ್ಸಿನ ಡಿಸ್ಟಾರ್ಷನ್ ಸರಿಪಡಿಸುವ ಆಯ್ಕೆ ಆಫ್ ಇರಲಿ. ಕ್ಯಾಮೆರಾದ ಮೇಲಿನ ಫ್ಲಾಶ್ ಎದ್ದಿದ್ದರೆ ಒತ್ತಿ ಹಿಡಿದರೂ ಒಂದೇ ಚಿತ್ರ ಬರುತ್ತದೆ. ಓಡುವ ಕೋಣದ ಕಣ್ಣಿಗೆ ಫ್ಲಾಶ್ ಹೊಡೆಯಲೂ ಬಾರದು. ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ, ಆದ್ದರಿಂದ ಕಸ್ಟಮ್ ಮೆನುವಿನಲ್ಲಿ ಒಮ್ಮೆಗೆ ಗರಿಷ್ಠ ಎಷ್ಟು ಚಿತ್ರ ಎಂಬ ಮಿತಿಯನ್ನು ಹಳೆಯ ಮಾಲೀಕರು ಇಳಿಸಿಟ್ಟಿದ್ದಾರೋ ನೋಡಿಬಿಡಿ.

ಗೆಳೆಯರ ಜೆಪೆಗ್ ಸಲಹೆ ತಪ್ಪಲ್ಲ. ಫೈನ್ ಗುಣಮಟ್ಟದಲ್ಲಿ ದೊಡ್ಡ ಜೆಪೆಗ್ ಇಟ್ಟರೆ ಬಫರ್ ಮೂವತ್ತರ ಗಡಿ ದಾಟುತ್ತದೆ, ಪೂರ್ಣ ವೇಗದಲ್ಲಿ ಐದು ಸೆಕೆಂಡು. ಪತ್ರಿಕೆಗೆ ಕೂಡಲೇ ಚಿತ್ರ ಕಳಿಸುವವರು ಹಾಗೇ ತೆಗೆಯಬೇಕು. ನಿಮಗೆ ಅಂಥ ಅವಸರವಿಲ್ಲದಿದ್ದರೆ ನಾನು ರಾ ಬಿಡಲು ಹೇಳುವುದಿಲ್ಲ. ಕರಿಕೋಣ, ಕೆಂಪುನೀರು, ಬಿಸಿಲಿಗೆ ಹೊಳೆಯುವ ಬಿಳಿ ಹನಿ, ಮೂರೂ ಒಂದೇ ಚೌಕಟ್ಟಿನಲ್ಲಿ ಇರುವಾಗ ಜೆಪೆಗ್‌ನಲ್ಲಿ ಒಂದನ್ನು ಕಳೆದುಕೊಂಡರೆ ಮತ್ತೆ ತರಲು ಆಗುವುದಿಲ್ಲ. ರಾತ್ರಿ ಫ್ಲಡ್‌ಲೈಟ್‌ನ ಬಣ್ಣ ಸರಿಪಡಿಸಲಂತೂ ರಾ ಬೇಕೇ ಬೇಕು. ರಾತ್ರಿ ಐಎಸ್‌ಒ 3200, 6400ಕ್ಕೆ ಏರಿದಾಗ ನಾಯ್ಸ್ ಕುಗ್ಗದೆ ಫೈಲ್ ಊದಿಕೊಳ್ಳುತ್ತದೆ, ಹಗಲಿನ ಲೆಕ್ಕ ತಪ್ಪುತ್ತದೆ. ಆಗ ಸಿಎಲ್ ವೇಗವನ್ನು ಒಂದು ಮೆಟ್ಟಿಲು ಇಳಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಡೆ ಪೂರ್ಣ ವೇಗವೇ ಬೇಕು: ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆ ವಿಭಾಗ. ಹಲಗೆಯ ತೂತುಗಳಿಂದ ನೀರು ಕಾರಂಜಿಯಂತೆ ಮೇಲೆದ್ದು 6.5 ಕೋಲು ಅಥವಾ 7.5 ಕೋಲು (ಕಂಬಳದ ಅಳತೆ) ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗುವ ಕ್ಷಣ ಒಂದು ಸೆಕೆಂಡೂ ಇರುವುದಿಲ್ಲ. ಅಲ್ಲಿ ಓಟವನ್ನು ಹಿಂಬಾಲಿಸಿ ಹೊಡೆಯುವುದು ವ್ಯರ್ಥ. ಸಿಎಚ್‌ಗೆ ಹಾಕಿ, ನಿಶಾನೆಯ ಬಟ್ಟೆ ಚೌಕಟ್ಟಿನ ಮೇಲಂಚಿನೊಳಗೆ ಬರುವಂತೆ ಲಂಬವಾಗಿ ಹಿಡಿಯಿರಿ. ಬಟನ್ ಅರ್ಧ ಒತ್ತಿ ಕೋಣಗಳ ಜೊತೆ ಬನ್ನಿ, ಒಂದೂ ಚಿತ್ರ ತೆಗೆಯಬೇಡಿ. ಕೋಣದ ಮೂತಿ ನಿಶಾನೆಗೆ ನಾಲ್ಕೈದು ಮೀಟರ್ ಇರುವಾಗ ಒತ್ತಿ. 12 ಬಿಟ್ ಕಂಪ್ರೆಸ್ಡ್‌ನಲ್ಲಿ 9 ಚಿತ್ರ ಎಂದರೆ ಒಂದೂವರೆ ಸೆಕೆಂಡು, ಹದಿನೈದು ಮೀಟರ್. ಕೋಣ, ಓಡಿಸುವವ, ಅವನ ಹಿಂದೆ ಎದ್ದ ನೀರು, ಮೇಲಿನ ಬಟ್ಟೆ ಎಲ್ಲವೂ ಅದರೊಳಗೆ ಬರುತ್ತವೆ. ಹಲಗೆ ಕೋಣಗಳ ಹಿಂದಿರುವುದರಿಂದ ನೀರು ನಿಶಾನೆಗೆ ತಾಗುವುದು ಕೋಣಗಳು ಅದನ್ನು ದಾಟಿದ ಮೇಲೆ. ಬೇಗ ಒತ್ತಿದವರ ಬಫರ್ ಮುಗಿಯುವುದು ಸರಿಯಾಗಿ ಆ ಹೊತ್ತಿಗೆ.

ಹಗ್ಗ, ನೇಗಿಲು ವಿಭಾಗದ ಓಟಗಳಲ್ಲಿ ಮಂಜೊಟ್ಟಿಯ ಕಡೆ ನಿಂತು ಎದುರಿನಿಂದ ತೆಗೆಯುವುದಾದರೆ ಕೊನೆಯ ಮೂವತ್ತು ಮೀಟರ್ ನಿಮ್ಮದು. 1.3 ಕ್ರಾಪ್ ಹಾಕಿ ಸಿಎಲ್ ವೇಗ 5ರಲ್ಲೇ ತೆಗೆಯಿರಿ, ಮೂರು ಸೆಕೆಂಡಿನಲ್ಲಿ ಹದಿನೈದು ಚಿತ್ರ ಸಿಗುತ್ತವೆ. ತಡೆಗಳ ಹೊರಗೇ ನಿಲ್ಲಿ. ವ್ಯೂಫೈಂಡರ್‌ನಲ್ಲಿ ಕೋಣ ಎಷ್ಟು ದೂರವಿದೆ ಎನ್ನುವುದು ಸರಿಯಾಗಿ ತಿಳಿಯುವುದಿಲ್ಲ, ಮಂಜೊಟ್ಟಿ ಏರಿದ ಜೋಡಿ ಎಲ್ಲಿ ನಿಲ್ಲುತ್ತದೆ ಎಂದು ಓಡಿಸುವವರಿಗೂ ಗೊತ್ತಿರುವುದಿಲ್ಲ.

ಕ್ಯಾಮೆರಾ ಬದಲಿಸುವ ಮಾತು. ಮುಂದೆ ಕೊಳ್ಳುವಾಗ ಸೆಕೆಂಡಿಗೆ ಎಷ್ಟು ಚಿತ್ರ ಎನ್ನುವ ಜಾಹೀರಾತಿನ ಅಂಕಿಯೊಂದನ್ನೇ ನೋಡಬೇಡಿ. ರಾ ಬಫರ್ ಸಂಖ್ಯೆಯನ್ನು ಆ ವೇಗದಿಂದ ಭಾಗಿಸಿ, ಎಷ್ಟು ಸೆಕೆಂಡು ಸಿಗುತ್ತದೆ ನೋಡಿ. 2015ರ ಡಿ7200ರಲ್ಲಿ 14 ಬಿಟ್ ಲಾಸ್‌ಲೆಸ್‌ಗೆ 18 ಚಿತ್ರ, ಮೂರು ಸೆಕೆಂಡು. ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ವೇಗ 10, ಬಫರ್ 31, ಅಲ್ಲಿಯೂ ಮೂರೇ ಸೆಕೆಂಡು. 2016ರ ಡಿ500ರಲ್ಲಿ ಎಕ್ಸ್‌ಕ್ಯೂಡಿ ಎಂಬ ಇನ್ನೂ ವೇಗದ ಕಾರ್ಡ್ ಹಾಕಿದರೆ 10ರ ವೇಗದಲ್ಲಿ 200 ಚಿತ್ರ, ಇಪ್ಪತ್ತು ಸೆಕೆಂಡು. ಕಂಬಳದ ಓಟ ಮುಗಿದು ಕೋಣಗಳಿಗೆ ನೀರು ಹಾಕುವವರೆಗೂ ಅದು ನಿಲ್ಲುವುದಿಲ್ಲ. ಮುಂದೆ ಯಾವಾಗಲಾದರೂ ಬದಲಿಸುವುದಾದರೆ ಸುಸ್ಥಿತಿಯ ಹಳೆಯ ಡಿ500 ಹುಡುಕಿ, ನಿಮ್ಮ ಲೆನ್ಸ್‌ಗಳೂ ಅದಕ್ಕೆ ಹಾಗೇ ಕೂರುತ್ತವೆ.

ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಬಫರ್ ಹೆಚ್ಚಬಹುದೇ ಎಂದು ಕೆಲವರು ಕೇಳುತ್ತಾರೆ. ಅಂಥದ್ದು ನಡೆದಿದೆ: ಕ್ಯಾನನ್ 2012ರಲ್ಲಿ ತನ್ನ ಮೊದಲ 7ಡಿಗೆ ಕೊಟ್ಟ ಹೊಸ ಫರ್ಮ್‌ವೇರ್ ರಾ ಬಫರನ್ನು 15ರಿಂದ 25ಕ್ಕೆ ಏರಿಸಿತು. ನಿಕಾನ್ 2008ರಲ್ಲಿ ಡಿ3 ಮಾಲೀಕರಿಂದ ಹಣ ಪಡೆದು ಸರ್ವಿಸ್ ಸೆಂಟರ್‌ನಲ್ಲಿ ಮೆಮೊರಿಯನ್ನೇ ಹೆಚ್ಚಿಸಿ ಕೊಟ್ಟಿತ್ತು. ಡಿ7100ಗೆ ಈ ಎರಡೂ ಭಾಗ್ಯ ಬರಲಿಲ್ಲ.

ಇನ್ನು ಒಂದೇ ವಿಷಯ. ಓಟ ಮುಗಿದ ಕೂಡಲೇ ಹಿಂಬದಿಯಲ್ಲಿ ಕಾರ್ಡ್ ದೀಪ ಉರಿಯುತ್ತಿರುತ್ತದೆ, ಬಫರ್‌ನಲ್ಲಿರುವ ಚಿತ್ರಗಳು ಇನ್ನೂ ಕಾರ್ಡ್ ಸೇರುತ್ತಿವೆ ಎಂದರ್ಥ. ಅದು ಆರುವವರೆಗೆ ಕಾರ್ಡಿನ ಬಾಗಿಲು ತೆರೆಯಬೇಡಿ, ಬ್ಯಾಟರಿ ತೆಗೆಯಬೇಡಿ. ಬಫರ್‌ನಲ್ಲಿರುವುದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ಉಳಿಯುತ್ತದೆ. ಬ್ಯಾಟರಿ ಅರ್ಧಕ್ಕೆ ಇಳಿದಿದ್ದರೆ ಮುಂದಿನ ಜೋಡಿ ಗಂತಿಗೆ ಇಳಿಯುವ ಮೊದಲು, ದೀಪ ಆರಿದ ಮೇಲೆ ಬದಲಿಸಿಕೊಳ್ಳಿ.